ಬ್ರೇಕಿನ ದಿನದ ಇಡ್ಲಿ

ವರ್ಷಕ್ಕೊಂದು ದಿನ ನಾನು ಸರಕಾರದ ಲೆಕ್ಕದಲ್ಲಿ ಇರುವುದಿಲ್ಲ. ಹಾಗಂತ ಮನೆಯಲ್ಲಿಯೂ ಇರುವುದಿಲ್ಲ. ಕಡಬದ ಸರಕಾರಿ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ಅಡುಗೆಯವಳು, ಗುತ್ತಿಗೆಯ ಮೇಲೆ. ಒಂದು ಗುತ್ತಿಗೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ದಿನ ಬಿಡುವು ತೋರಿಸುತ್ತಾರೆ. ಅದಕ್ಕೆ ಬ್ರೇಕ್ ಎಂದು ಹೆಸರು. ಆ ದಿನ ಹಾಜರಿ ಪುಸ್ತಕದಲ್ಲಿ ಸಹಿ ಇಲ್ಲ, ಸಂಬಳ ಇಲ್ಲ, ಅಡುಗೆ ಮಾತ್ರ ಇದೆ. ಮಕ್ಕಳ ಹೊಟ್ಟೆಗೆ ಬ್ರೇಕ್ ಇಲ್ಲವಲ್ಲ! ನನ್ನ ಕೈಯ ಅನ್ನ ಉಂಡ ಹುಡುಗಿಯರು ಈಗ ತಮ್ಮ ಮಕ್ಕಳ ಕೈ ಹಿಡಿದುಕೊಂಡು ಪೇಟೆಯಲ್ಲಿ ಸಿಕ್ಕುತ್ತಾರೆ. ನಾನು ಮಾತ್ರ ಪ್ರತಿ ವರ್ಷ ಹೊಸಬಳು.

ಹೋದ ತಿಂಗಳು, ಕಾಯಂ ಮಾಡಿ ಎಂದು ಕೊಟ್ಟ ಅರ್ಜಿ ಏನಾಯಿತು ಎಂದು ಕೇಳಲು ಪುತ್ತೂರಿನ ಕಚೇರಿಗೆ ಹೋಗಿದ್ದೆ. "ನಿಮ್ಮ ಸೇವೆ ಪ್ರತಿ ವರ್ಷ ಕಡಿದಿದೆಯಲ್ಲಮ್ಮ, ನಿರಂತರ ಇಲ್ಲ" ಎಂದರು ಅಲ್ಲಿಯ ಅಧಿಕಾರಿ. ಕಡಿದವರು ಯಾರು, ನಾನಾ? ತಾವು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವುದು ಎಂದರೆ ಇದು. ಬಸ್ಸು ಹತ್ತಿದಾಗ ಅಳು ಬಂತು. ಕಡಬದಲ್ಲಿ ಇಳಿಯುವಾಗ ಅಳು ಹೋಗಿ ಸಿಟ್ಟು ಬಂದಿತ್ತು.

ಈ ವರ್ಷದ ಬ್ರೇಕಿನ ಬೆಳಿಗ್ಗೆ ಮದುವೆಗೆ ಉಡುವ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹಾಸ್ಟೆಲಿಗೆ ಹೋದೆ. ಅಡುಗೆಮನೆಗೆ ಕಾಲಿಡದೆ ಹುಡುಗಿಯರ ಜೊತೆ ಊಟದ ಬೆಂಚಿನಲ್ಲಿ ಕೂತೆ. ಇಡ್ಲಿಯ ಹಿಟ್ಟನ್ನು ಹಿಂದಿನ ದಿನವೇ ಕಡೆದಿಟ್ಟಿದ್ದೆ. ಹಿಂದಿನ ದಿನ ನಾನು ಕೆಲಸದವಳು, ಕೆಲಸದಲ್ಲಿ ಮೋಸ ಮಾಡುವ ಜಾತಿ ನನ್ನದಲ್ಲ.

"ಅಕ್ಕ, ಎಂತ, ಮದುವೆಗೆ ಹೊರಟದ್ದಾ?" ಎಂದು ಹುಡುಗಿಯರು ನಕ್ಕರು.

ವಾರ್ಡನ್ ಮೇಡಂ ಓಡಿ ಬಂದರು. ಸುಳ್ಯ ಕಡೆಯವರು, ನನ್ನ ಮಗಳ ವಯಸ್ಸು, ಪಾಪದವರು.

"ಅಕ್ಕ, ಇಡ್ಲಿ ಇಡುದಿಲ್ವಾ? ಮಕ್ಕಳಿಗೆ ಶಾಲೆಗೆ ಹೊತ್ತಾಯ್ತು."

"ಇವತ್ತು ನಾನು ಇಲ್ಲಿಯ ಕೆಲಸದವಳಲ್ಲ ಮೇಡಂ. ನೆಂಟರ ಹಾಗೆ ಬಂದದ್ದು. ಇಡ್ಲಿ ಆದ್ರೆ ಎರಡು ತಿಂದು ಹೋಗುದು. ನಾನೇ ಬೇಯಿಸಬೇಕಾದ್ರೆ ಸಹಿ ಹಾಕ್ಲಿಕ್ಕೆ ಪುಸ್ತಕ ಕೊಡಿ."

"ನನ್ನ ಕೈಯಲ್ಲಿ ಎಂತ ಉಂಟು ಮಾರಾಯ್ರೆ!"

"ಪುಸ್ತಕ ಉಂಟಲ್ಲ."

ಅವರು ಮೇಲಿನವರಿಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಅಡುಗೆಮನೆಗೆ ಹೋಗಿ ದೊಡ್ಡ ಒಲೆಯ ಮುಂದೆ ನಿಂತು, ಹಾಗೆಯೇ ವಾಪಸ್ ಬಂದರು. ನನ್ನ ಪಕ್ಕದ ಸಣ್ಣ ಹುಡುಗಿ ಖಾಲಿ ತಟ್ಟೆ ಹಿಡಿದು ನನ್ನ ಮುಖ ನೋಡಿದಳು. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ನಾನೇ ಎದ್ದುಬಿಡುತ್ತಿದ್ದೆ. ಅಷ್ಟರಲ್ಲಿ ಮೇಡಂ ಹಾಜರಿ ಪುಸ್ತಕ ತಂದು ನನ್ನ ಮುಂದೆ ಇಟ್ಟರು.

ತಾರೀಕು ನೋಡಿ ಸಹಿ ಹಾಕಿದೆ. ಸೆರಗು ಸಿಕ್ಕಿಸಿ ಒಲೆ ಹಚ್ಚಿದೆ. ಒಂದು ಸಹಿಯಿಂದ ಕಾಯಂ ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಇನ್ನೊಮ್ಮೆ ಪುತ್ತೂರಿಗೆ ಹೋದಾಗ, "ಈ ವರ್ಷ ಎಲ್ಲಿ ಕಡಿದಿದೆ, ತೋರಿಸಿ" ಎಂದು ಕೇಳುವವಳು ನಾನು.

ಹುಡುಗಿಯರು ಶಾಲೆಗೆ ಹೋದ ಮೇಲೆ ಮೇಡಂ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಬೈಯಲು ಬಂದಿದ್ದಾರೆ ಎಂದುಕೊಂಡೆ.

"ಅಕ್ಕ, ನಾನೂ ಗುತ್ತಿಗೆಯವಳೇ. ನನಗೆ ನಾಳೆ ಬ್ರೇಕ್" ಎಂದರು.

ಉಳಿದ ಇಡ್ಲಿಯನ್ನು ತಟ್ಟೆಗೆ ಹಾಕಿ ಅವರ ಕೈಗೆ ಕೊಟ್ಟೆ.

"ನಾಳೆ ಒಳ್ಳೆ ಸೀರೆ ಉಟ್ಕೊಂಡು ಬನ್ನಿ ಮೇಡಂ. ನನ್ನ ಬೆಂಚು ಖಾಲಿ ಉಂಟು."