ಅವ್ವನಿಗೆ ನಾನು ಕಲಿಸಿದ ಮಾತು

ಚಿಕ್ಕಂದಿನಲ್ಲಿ ಒಂದು ವರ್ಷ ನಮ್ಮ ಮನೆಯ ದೊಡ್ಡ ಮನುಷ್ಯಳು ನಾನೇ ಆಗಿದ್ದೆ. ವಯಸ್ಸು ಒಂಬತ್ತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರದ ಮಿಸ್ತ್ರಿಯಾಗಿದ್ದ ಅಪ್ಪನನ್ನು ಟಾಂಜಾನಿಯಾದ ಮ್ವಾಂಜಾ ಎಂಬ ಊರಿನ ಕಾರ್ಖಾನೆಯವರು ಕರೆಸಿಕೊಂಡಿದ್ದರು. ಹಳೇ ಹುಬ್ಬಳ್ಳಿಯ ಓಣಿಯಿಂದ ಎದ್ದು ನಾವು ಮೂವರೂ ಹೋದೆವು. ಶಾಲೆಗೆ ಸೇರಿದ ಮೂರೇ ತಿಂಗಳಲ್ಲಿ ನನಗೆ ಅಲ್ಲಿಯ ಸ್ವಾಹಿಲಿ ಮಾತು ಬಂದುಬಿಟ್ಟಿತು. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳುವುದರಿಂದ ಹಿಡಿದು ನೀರು ತರುವವನ ಜೊತೆ ಜಗಳದವರೆಗೆ ಎಲ್ಲಕ್ಕೂ ನಾನೇ. ಅಪ್ಪ "ನಮ್ಮ ವಕೀಲಬಾಯಿ" ಎನ್ನುತ್ತಿದ್ದ. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಅವ್ವನದೇ ಕಷ್ಟ. ಹುಬ್ಬಳ್ಳಿಯಲ್ಲಿ ಕಾಯಿಪಲ್ಲೆ ತರಲು ಹೋದರೆ ಎರಡು ತಾಸು ಬೇಕಾಗುತ್ತಿತ್ತು ಅವಳಿಗೆ, ದಾರಿಯುದ್ದಕ್ಕೂ ಮಾತು. ಇಲ್ಲಿ ಮಾತಾಡಲು ಯಾರೂ ಇಲ್ಲ. ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತ, ಅದು ಹರಿದರೆ ಹಿಟ್ಟಿನ ಜೊತೆಗೇ ಜಗಳ ತೆಗೆಯುತ್ತಿದ್ದಳು. ಒಂದು ದಿನ ಆ ಪಟಪಟ ಸದ್ದು ಕೇಳಿ, ಇವರೇನು ಬಡಿಯುತ್ತಿದ್ದಾರೆಂದು ನೋಡಲು ಪಕ್ಕದ ಮನೆಯಾಕೆ ಬಂದರು. ನನ್ನ ಗೆಳತಿ ನೀಮಾಳ ತಾಯಿ. ಎಲ್ಲರೂ ಮಾಮಾ ನೀಮಾ, ಅಂದರೆ ನೀಮಾಳ ಅವ್ವ, ಎಂದೇ ಕರೆಯುತ್ತಿದ್ದರು. ಅವ್ವ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕಿ ಕೊಟ್ಟಳು. ಅವರು ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಇನ್ನೊಂದು ಕೇಳಿದರು. ಗೆಳೆತನ ಗಟ್ಟಿಯಾಯಿತು.

ಆಮೇಲೆ ದಿನಾ ಮಧ್ಯಾಹ್ನ ಅವರ ಅಂಗಳದಲ್ಲಿ ಅವ್ವನಿಗೊಂದು ಕುರ್ಚಿ. ಒಬ್ಬರದು ಕನ್ನಡ, ಒಬ್ಬರದು ಸ್ವಾಹಿಲಿ. ಏನು ತಿಳಿಯುತ್ತಿತ್ತೋ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವ್ವ ಎದ್ದು ಕೈಮುಗಿದು ಬರುತ್ತಿದ್ದಳು. ಸುಮ್ಮನೆ ಎದ್ದು ಬರುವುದು ಅವಳಿಗೆ ಸರಿಕಾಣಲಿಲ್ಲ.

"ಬರ್ತೇನ್ರಿ ಅನ್ನಾಕ ಅವರ ಮಾತಿನ್ಯಾಗ ಏನಂತಾರವಾ?"

"ಹೋಗ್ತೇನಿ ಅನ್ನೂದು ಹೇಳ್ಲೇನು?"

"ಬಿಡ್ತು ಅನ್ನು! ಮಂದಿ ಮನಿಯಿಂದ ಹೋಗ್ತೇನಿ ಅಂತ ಎದ್ದು ಬರ್ತಾರೇನು? ಬರ್ತೇನಿ ಅನ್ನೂದs ಹೇಳು."

"ನಕೂಜಾ" ಎಂದೆ. ನಾನು ಬರುತ್ತೇನೆ ಎಂದೇ ಅದರ ಅರ್ಥ. ಅವ್ವ ಅದಕ್ಕೆ ತನ್ನ ಮರ್ಯಾದೆಯನ್ನೂ ಸೇರಿಸಿ ದಿನಾ "ನಕೂಜಾರೀ" ಎಂದು ಹೇಳಿ ಬರತೊಡಗಿದಳು.

ಹದಿನೈದು ದಿನ ಕಳೆದಿರಬೇಕು. ನಾನು ನೀಮಾಳ ಜೊತೆ ಹಗ್ಗದಾಟಕ್ಕೆ ಓಡುತ್ತಿದ್ದಾಗ ಮಾಮಾ ನೀಮಾ ನನ್ನನ್ನು ನಿಲ್ಲಿಸಿದರು. ಒಲೆಯ ಮೇಲೆ ಏಲಕ್ಕಿ ಚಹಾ ಕುದಿಯುತ್ತಿತ್ತು. ಪಕ್ಕದಲ್ಲಿ ಕರಿದ ಮಂದಾಜಿ, ಗೋಧಿಹಿಟ್ಟಿನ ಉಬ್ಬಿದ ತಿನಿಸು. "ನಿನ್ನ ತಾಯಿ ಈಗಲೇ ಬಂದೆ ಅಂತ ಹೇಳಿ ಹೋಗುತ್ತಾಳೆ. ನಾನು ಚಹಾ ಇಟ್ಟು ಕಾಯುತ್ತೇನೆ. ಬರುವುದೇ ಇಲ್ಲ. ಕೂಗಿದರೆ ಅಲ್ಲಿಂದಲೇ ಕೈಮುಗಿದು ಮತ್ತೆ ನಕೂಜಾ ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಏನಾದರೂ ತಪ್ಪಿದೆಯಾ?"

ಎದ್ದು ಹೋಗುವಾಗ ಆ ಮಾತು ಹೇಳಿದರೆ ಒಂದು ಕ್ಷಣದಲ್ಲಿ ಮರಳುತ್ತೇನೆ ಎಂದು ಅರ್ಥವಂತೆ. ತಪ್ಪು ನನ್ನದು ಎಂದು ಆಗಲೇ ಹೊಳೆಯಿತು. ಆದರೆ ವಕೀಲಬಾಯಿ ತಪ್ಪು ಒಪ್ಪಿಕೊಳ್ಳುವುದುಂಟೇ? ಊರಲ್ಲಿ ನನ್ನಜ್ಜಿ ಕೆಲವು ಮನೆಗಳ ಬಗ್ಗೆ ಹೇಳುತ್ತಿದ್ದ ಮಾತು ಬಾಯಿಗೆ ಬಂತು. "ಅವ್ವ ಬೇರೆಯವರ ಮನೆಯಲ್ಲಿ ಚಹಾ ಕುಡಿಯುವುದಿಲ್ಲ" ಎಂದೆ.

"ನಮ್ಮಂಥವರ ಮನೆಯಲ್ಲಾ?"

"ಹೌದು" ಎಂದು ಹೇಳಿ ಆಡಲು ಓಡಿದೆ. ಹಿಂದಿರುಗಿ ನೋಡಲೂ ಇಲ್ಲ.

ಮರುದಿನ ಅಂಗಳದಲ್ಲಿ ಕುರ್ಚಿ ಇರಲಿಲ್ಲ. ಅವ್ವ ಸ್ವಲ್ಪ ಹೊತ್ತು ನಿಂತು ಮರಳಿದಳು. "ನಾ ಏನರ ತಪ್ಪು ಮಾತಾಡಿದ್ನೇನವಾ? ನೀ ಒಂಚೂರು ಕೇಳಲಾ." ಕೇಳಿದಂತೆ ಮಾಡಿ ಬಂದು, "ಅವರಿಗೆ ಭಾಳ ಕೆಲಸ ಐತಂತ" ಎಂದೆ. "ಹೌದು, ಪಾಪ, ಒಬ್ಬಾಕೀನs ಎಲ್ಲಾ ಮಾಡ್ತಾಳ" ಎಂದು ಅವ್ವ ನನ್ನ ಕೈಯಲ್ಲೇ ರೊಟ್ಟಿ ಕಳಿಸಿದಳು. ಮೊದಲೆಲ್ಲ ನಮ್ಮ ತಟ್ಟೆ ಮಂದಾಜಿ ತುಂಬಿಕೊಂಡು ಬರುತ್ತಿತ್ತು. ಅವತ್ತು ಸ್ವಚ್ಛವಾಗಿ ತೊಳೆದು, ಖಾಲಿ ಕೊಟ್ಟರು. ಅವ್ವ ಆ ತಟ್ಟೆಯನ್ನು ತಿರುಗಿಸಿ ನೋಡಿ ಮೂಲೆಗಿಟ್ಟಳು. ಆಮೇಲೆ ಕಳಿಸಲಿಲ್ಲ.

ಉಳಿದ ಏಳು ತಿಂಗಳು ಅವ್ವ ಆ ಊರಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೊಂದಿಗೂ ಮಾತಾಡಲಿಲ್ಲ. ನಾನು ಮಾತ್ರ ದಿನಾ ಆ ಅಂಗಳದಲ್ಲೇ ಆಡಿದೆ. ಅವರು ನನಗೆ ಚಹಾ ಕೊಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾನು ಕುಡಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹುಬ್ಬಳ್ಳಿಗೆ ಮರಳಿದ ಮೇಲೆ ಅವ್ವನಿಗೆ ಮಾತು ಮರಳಿತು, ಓಣಿ ಮರಳಿತು. ನನ್ನೊಳಗಿನದು ಮಾತ್ರ ಹೋಗಲಿಲ್ಲ. ಹೋದ ತಿಂಗಳು, ಕೊತಂಬರಿ ಸೋಸುತ್ತ ಕೂತಿದ್ದ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದೇ ಕಾದೆ. ಬೈಯಲಿಲ್ಲ.

"ಸಣ್ಣಾಕಿ ಇದ್ದಿ, ಬಿಡು. ನಂದೇನು, ಮುಗದು ಹೋತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೈ ನಿಂತಿತು. "ಆದ್ರ ಅಕಿ ಇವತ್ತಿಗೂ ನನ್ನ ಹಂಗs ತಿಳ್ಕೊಂಡಿರ್ತಾಳಲ್ಲ?"

ಫೋನಿನಲ್ಲಿ ಹುಡುಕಿದರೆ ಈಗ ಯಾರಾದರೂ ಸಿಗುತ್ತಾರೆ ಎನ್ನುತ್ತಾರೆ. ನಾನೂ ಹುಡುಕಿದ್ದೇನೆ, ಸಿಕ್ಕಿಲ್ಲ. ಅವ್ವ ಕಳೆದುಕೊಂಡದ್ದು ಒಬ್ಬ ಗೆಳತಿಯನ್ನು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ನೋಡಿ, ಯಾರ ಮನೆಯಲ್ಲೂ ಚಹಾ ಬೇಡವೆನ್ನದ ನನ್ನವ್ವ ಆ ಅಂಗಳದಲ್ಲಿ ಇವತ್ತಿಗೂ ಕೆಟ್ಟ ಹೆಂಗಸು.