ಕಾಕೂನ ನಕಲು ತಂಬೂರಿ

ಹಸಿ ಅರಗಿನ ವಾಸನೆ ಮೂಗಿಗೆ ಬಡಿದರೆ ನನಗೆ ಕಾಕೂನ ಮುಂದಿನ ಕೋಣೆ ನೆನಪಾಗುತ್ತದೆ. ಹೋದ ವಾರ ಹಳೆಯ ತಂಬೂರಿಯೊಂದನ್ನು ರಿಪೇರಿಗೆಂದು ಮೆಹದಿಪಟ್ಟಣಂನ ವಾದ್ಯದಂಗಡಿಗೆ ಒಯ್ದಿದ್ದೆ. ಒಳಗೆ ಯಾವುದೋ ಸಿತಾರಿಗೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಹಿಂದಿನ ದೊಡ್ಡ ಕಲಾವಿದರ ವಾದ್ಯಗಳ ನಕಲು ಮಾಡಿಕೊಡುತ್ತೇವೆಂದು ಗೋಡೆಯ ಮೇಲೆ ಬೋರ್ಡು. ಅದನ್ನು ಓದಿದ ಗಿರಾಕಿಯೊಬ್ಬ, ನಕಲಿಗೆ ಯಾರು ದುಡ್ಡು ಸುರಿಯುತ್ತಾರೆ ಎಂದು ನಕ್ಕ. ಒಂದು ಕಾಲಕ್ಕೆ ನಾನೂ ಹಾಗೇ ನಕ್ಕವಳು...

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನೇ ಹೊರತು ಅವರು ನನಗೆ ಸಂಬಂಧಿಯಲ್ಲ. ಲಿಂಗಂಪಲ್ಲಿಯ ಹತ್ತಿರ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ಗದಗಿನ ಕಡೆಯವರು. ದಿನವಿಡೀ ಹೊರಗೆ ತೆಲುಗು, ಹಿಂದಿ ಮಾತಾಡುತ್ತಿದ್ದ ನಾವು ಕನ್ನಡದ ಹುಡುಗಿಯರು ಸಂಜೆ ಅವರಲ್ಲಿ ವಚನ, ದಾಸರ ಪದ ಕಲಿಯುತ್ತಿದ್ದೆವು. ಕಾಕೂನದು ಎತ್ತರದ ದನಿ. ಅವರು ಹಾಡತೊಡಗಿದರೆ ಆಚೆ ಸಾಲಿನವರೂ ರೇಡಿಯೊ ಬಂದ್ ಮಾಡುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ನನ್ನದು ಗೊಗ್ಗರು ದನಿ. ಅವರ ಎತ್ತರಕ್ಕೆ ಏರಲಾಗದೆ ಹಿಂದೆ ಕೂತು ಬಾಯಷ್ಟೇ ಆಡಿಸುತ್ತಿದ್ದೆ.

ಆಮೇಲೆ ಅವರ ಗಂಟಲಿಗೆ ಥೈರಾಯ್ಡ್ ಆಪರೇಷನ್ ಆಯಿತು. ಪಾಠ ನಿಂತಿತು. ಯಾವಾಗ ಶುರುವೆಂದು ಕೇಳಿದರೆ, ಡಾಕ್ಟರು ಸುಮ್ಮನಿರಲು ಹೇಳಿದ್ದಾರೆ ಎನ್ನುತ್ತಿದ್ದರು. ತಿಂಗಳುಗಳು ಕಳೆದರೂ ಅದೇ ಮಾತು. ಅವರ ಸಣ್ಣ ತಂಬೂರಿ ಗವಸು ಹಾಕಿಕೊಂಡು ಮೂಲೆ ಸೇರಿತು. ಕಾಕು ಇನ್ನು ಹಾಡುವುದಿಲ್ಲ ಎಂದು ಕಾಲನಿಯವರೇ ತೀರ್ಮಾನಿಸಿಬಿಟ್ಟರು.

ಅಂಥದರಲ್ಲಿ ಕಾಕು ಮಿರಜಿನಿಂದ ತರಿಸಿದ ಆಳೆತ್ತರದ ತಂಬೂರಿಯೊಂದು, ಅರಗಿನ ವಾಸನೆ ಇನ್ನೂ ಆರದೆ, ಅವರ ಮುಂದಿನ ಕೋಣೆಗೆ ಬಂತು. ಹಳೆಯ ಕಾಲದ ಉಸ್ತಾದರೊಬ್ಬರ ತಂಬೂರಿಯ ನಕಲಂತೆ. ಅಸಲು ಯಾವುದೋ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದೆಯಂತೆ. ಸೋರೆ ಬುರುಡೆಯ ಗಾತ್ರ, ತಂತಿಯ ಉದ್ದ, ಅಂಚಿನ ಬಿಳಿ ಕುಸುರಿ ಎಲ್ಲ ಅದರದೇ ಅಳತೆ. ಬಂದವರಿಗೆಲ್ಲ ಕಾಕು ಅದನ್ನೇ ವರ್ಣಿಸಿದರು. ಹಾಡೇ ಇಲ್ಲದ ಮನೆಗೆ ಉಸ್ತಾದರ ತಂಬೂರಿ ಎಂದು ನಾವು ಹುಡುಗಿಯರು ಕಿಸಿಕಿಸಿ ನಕ್ಕೆವು. ಎದುರುಮನೆಯ ಅಜ್ಜ ಅವರೆದುರೇ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ" ಎಂದರು. ಕಾಕೂನ ಗಂಡ ಕಾಕಾನ ಮುಖ ಸಣ್ಣದಾಯಿತು. ಕಾಕು ಮಾತ್ರ ಎಲ್ಲರ ಜೊತೆ ತಾವೂ ನಕ್ಕರು.

ಒಂದು ಮಧ್ಯಾಹ್ನ ಅವರ ಡಬ್ಬಿ ವಾಪಸು ಕೊಡಲು ಹೋದರೆ, ಬಾಗಿಲಾಚೆ ಯಾರೋ ಗಂಡಸು ಹಾಡುತ್ತಿದ್ದ ಹಾಗಿತ್ತು. ಕಾಕಾ ಡ್ಯೂಟಿಗೆ ಹೋಗಿದ್ದರು. ಇಣುಕಿದೆ. ದೊಡ್ಡ ತಂಬೂರಿಯನ್ನು ಭುಜಕ್ಕಾನಿಸಿಕೊಂಡು ಕಾಕು ಹಾಡುತ್ತಿದ್ದರು. ದನಿ ಪಾಕಕ್ಕೆ ಬಂದ ಬೆಲ್ಲದಂತೆ ದಟ್ಟವಾಗಿತ್ತು, ಬಲು ಕೆಳಗಿತ್ತು. ನನ್ನನ್ನು ಕಂಡು ಗಕ್ಕನೆ ನಿಲ್ಲಿಸಿದರು. ಆಮೇಲೆ ಚಾಪೆ ತಟ್ಟಿ, ಕೂಡು ಎಂದರು.

"ದನಿ ಇಳದೈತಿ. ಸಣ್ಣ ತಂಬೂರಿ ಇನ್ನ ಒಗ್ಗೂದಿಲ್ಲ, ಗಂಡಸರ ದೊಡ್ಡ ತಂಬೂರಿನ ಬೇಕು. ಬರೇ ಗಂಡಸರ ತಂಬೂರಿ ತರಸಿದ್ರ ಯಾಕಂತ ಕೇಳ್ತಿದ್ರು, ಎಲ್ಲಾ ಹೇಳಬೇಕಾಕ್ಕಿತ್ತು. ದೊಡ್ಡವರ ತಂಬೂರಿ ನಕಲಂದ್ರ ನನ್ನ ಹುಚ್ಚಿಗೆ ನಗ್ತಾರ... ನಗಲಿ ಬಿಡವಾ."

ನನಗೆ ಅಳು ಬಂತು. ದನಿ ಹೋಯಿತೆಂದು ಜನ ಮರುಗುವುದಕ್ಕಿಂತ ಹುಚ್ಚಿಯೆಂದು ನಗಲಿ ಎಂದುಕೊಂಡ ಹೆಂಗಸು ಅವರು. ನಾಳೆಯಿಂದ ಪಾಠಕ್ಕೆ ಬರಲೇ ಎಂದು ಕೇಳಿದೆ.

"ಈ ದನೀಲೆ ಕಲಸಲೇನ?"

"ಕಲಸ್ರಿ, ಕಾಕೂ. ಈ ದನಿಗೆ ನಂದೂ ಕೂಡತೈತಿ."

ಅವರು ತಂತಿ ಮೀಟಿದರು. ಹುಟ್ಟಿದಂದಿನಿಂದ ಮೊದಲ ಸಲ ನಾನು ಕುತ್ತಿಗೆ ಉಬ್ಬಿಸದೆ ಹಾಡಿದೆ. ಮರುದಿನ ಸಂಜೆ ಪಾಠ ಶುರುವಾಯಿತು. ಹಿಂದೆ ಕೂರುತ್ತಿದ್ದ ನಾನು ಮುಂದೆ ಬಂದೆ.

ಕಾಕು ಈಗಿಲ್ಲ. ಆ ದೊಡ್ಡ ತಂಬೂರಿ ನನ್ನಲ್ಲಿದೆ; ಹೋದ ವಾರ ರಿಪೇರಿಗೆ ಒಯ್ದದ್ದು ಅದನ್ನೇ. ದೊಡ್ಡವರ ವಾದ್ಯದ ನಕಲು ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಹೆಸರು ನೋಡಬೇಡಿ, ಅದರ ಜೊತೆ ಕೂತು ಒಂದು ಹಾಡು ಹಾಡಿ ನೋಡಿ ಎನ್ನುತ್ತೇನೆ. ನಕ್ಕ ಗಿರಾಕಿಗೂ ಅಷ್ಟೇ ಹೇಳಿದೆ.

ಅಂಗಡಿಯವರು ಬೀದರ್ ಕಡೆಯವರು. ತಂತಿ ಮೀಟಿ, ಕಣ್ಣು ಮುಚ್ಚಿ ಕೇಳಿದರು. ಇದರ ಅಳತೆ ತೆಗೆದುಕೊಂಡು ಇಂಥದೇ ಇನ್ನೊಂದು ಮಾಡಲೇ ಎಂದು ಕೇಳಿದಾಗ ಹೂಂ ಎಂದೆ. ಅವರು ಪೆನ್ಸಿಲು ಎತ್ತಿಕೊಂಡರು.

"ಯಾರ ತಂಬೂರಿ ಅಂತ ಬರಕೋಲಿ?"

ಉಸ್ತಾದರ ಹೆಸರು ನಾಲಿಗೆಯ ತುದಿಗೇ ಬಂದಿತ್ತು.

"ನಮ್ಮ ಕಾಕೂದು ಅಂತ ಬರಕೋರಿ" ಎಂದೆ.