ಕನ್ನಡ ಬಾರದ ಮೇಡಂ

ಇಂಗ್ಲಿಷ್ ಮೇಡಂ ಅವರ ಕೆಳತುಟಿಯ ಎಡಗಡೆ ಹಲ್ಲೂರಿದ ಕೆಂಪು ಗುರುತೊಂದು ಸದಾ ಇರುತ್ತಿತ್ತು. ಮಾತಿನ ನಡುವೆ ತಟ್ಟನೆ ನಿಂತು ತುಟಿ ಕಚ್ಚಿಕೊಳ್ಳುವುದು ಅವರ ಅಭ್ಯಾಸ. ಆಮೇಲೆ ಕೈ ಎತ್ತಿ, ಕಣ್ಣರಳಿಸಿ, ಬೇಕಾದರೆ ಕುರ್ಚಿಯ ಮೇಲೂ ಹತ್ತಿ, ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲೇ ಹೇಳಿ ಮುಗಿಸುತ್ತಿದ್ದರು.

ಕೊಳಾಲದ ನಮ್ಮ ಹೈಸ್ಕೂಲಿಗೆ ಅವರು ಬರುವ ಮುಂಚೆ ಇಂಗ್ಲಿಷ್ ಎಂದರೆ ಹಳೆಯ ಮೇಷ್ಟ್ರು ಒಂದು ಸಾಲು ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಅದನ್ನೇ ಬಾಯಿಪಾಠ ಮಾಡಿಸುವುದು. ವರ್ಷಗಟ್ಟಲೆ ಕಲಿತರೂ ನೀರು ಕೊಡಿ ಅನ್ನುವಷ್ಟು ಬಾಯಿ ತಿರುಗುತ್ತಿರಲಿಲ್ಲ. ಮೇಡಂ ಬಂದ ದಿನ ಪುಸ್ತಕವನ್ನೇ ತೆರೆಯಲಿಲ್ಲ. ಬಾಗಿಲ ಹೊರಗೆ ಹೋಗಿ, ಒಳಗೆ ಬಂದು, ಮತ್ತೆ ಹೋಗಿ, "ಐ ಆಮ್ ಗೋಯಿಂಗ್, ಐ ಆಮ್ ಕಮಿಂಗ್" ಅಂದರು. ನಾವು ಬೆಪ್ಪಾಗಿ ಕೂತಿದ್ದೆವು. ಹಿಂದಿನ ಬೆಂಚಿನವನೊಬ್ಬ, "ಲೇ, ಯಾರಾದ್ರೂ ಹಿಡ್ಕೊಂಡು ಕೂರ್ಸ್ರಲೇ, ತಲೆ ತಿರುಗಿ ಬಿದ್ದಾರು" ಅಂದ.

ಅವರಿಗೆ ಕನ್ನಡ ಬರುವುದಿಲ್ಲವೆಂದು ಊರೇ ನಂಬಿತು. ಪಾವಗಡದ ಕಡೆಯವರು, ಅವರಣ್ಣ ಬೈಕಿನಲ್ಲಿ ಬಂದಾಗ ಇಬ್ಬರೂ ತೆಲುಗಿನಲ್ಲೇ ಮಾತಾಡುತ್ತಿದ್ದರು. ಅವರ ಬಾಡಿಗೆ ಮನೆ ನಮ್ಮ ಮನೆಗೆ ಅಂಟಿಕೊಂಡಿತ್ತು. ಸೊಪ್ಪಿನವಳ ಹತ್ತಿರವೋ ಹಾಲಿನವನ ಹತ್ತಿರವೋ ಮಾತಾಡಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಅವರ ಇಂಗ್ಲಿಷನ್ನು ನಾನು ಕನ್ನಡ ಮಾಡಬೇಕು, ಸೊಪ್ಪಿನವಳ ಕನ್ನಡವನ್ನು ಇಂಗ್ಲಿಷ್ ಮಾಡಬೇಕು. ಮೆಂತ್ಯ ಸೊಪ್ಪು ಕಹಿಯೆಂದು ತಿಳಿಸಲು ಮುಖ ಕಿವುಚಿ ತೋರಿಸಿದ್ದು ನೆನಪಿದೆ. ತಪ್ಪಿದರೆ ಬಯ್ಯುತ್ತಿರಲಿಲ್ಲ, ಸರಿಯಾದ ಮಾತನ್ನು ತಾವೊಮ್ಮೆ ಆಡಿ "ಯೆಸ್?" ಅನ್ನುತ್ತಿದ್ದರು, ಅಷ್ಟೇ.

ಭಾಷೆ ಬಾರದವರ ಎದುರು ನಾಲಿಗೆಗೆ ಲಗಾಮು ಯಾಕೆ? ನನ್ನನ್ನು ಸಾಕಿದ್ದು ಅಜ್ಜಿ. ನಾನು ಮಾತು ಕಲಿತದ್ದೂ ಅವಳ ಬಾಯಿಂದಲೇ. ಮೇಡಂ ನಮ್ಮ ಜಗಲಿಯಲ್ಲಿ ಕೂತಿರುವಾಗಲೇ ಅವಳು, "ನೋಡೇ, ಸೀರೆ ಉಟ್ಟಿರೋದು ಚಾಪೆ ಸುತ್ತಿದಂಗೈತೆ. ಮೂರು ಮುದ್ದೆ ಉಣ್ತಾಳೆ ಕಣಮ್ಮ, ಗಟ್ಟಿಗಿತ್ತಿ" ಅನ್ನುವಳು. ಮೇಡಂ ನಗುತ್ತಾ ತಲೆಯಾಡಿಸುವರು. "ಪಾಪ, ಹೊಗಳ್ತಾವ್ರೆ ಅಂದ್ಕೊಂಡವ್ಳೆ" ಎಂದು ಅಜ್ಜಿ ಇನ್ನಷ್ಟು ನಗುವಳು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಬುಕ್ಕಾಪಟ್ಟಣದ ಅತ್ತೆಗೆ ಹೆರಿಗೆಯಾಯಿತು. ಮೂರನೆಯದಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಕೆಲಸಕ್ಕೆ ನನ್ನನ್ನು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಪರೀಕ್ಷೆ ಹತ್ತಿರವಿತ್ತು. ನಮ್ಮಕ್ಕನೂ ಹೀಗೇ ಒಂದು ಬಾಣಂತನಕ್ಕೆಂದು ಹೋದವಳು ಮತ್ತೆ ಶಾಲೆಯ ಬಾಗಿಲು ಕಂಡಿರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದು ಮೇಡಂ ಮನೆಗೆ ಕರೆದೊಯ್ದಳು. "ಹೇಳೇ ಮೇಡಮ್ಮಂಗೆ. ಮೈಯಾಗೆ ಹುಷಾರಿಲ್ಲ, ಸ್ವಲ್ಪ ದಿನ ಬರಾಕಿಲ್ಲ ಅನ್ನು. ಬಾಣಂತನ ಗೀಣಂತನ ಅನ್ಬ್ಯಾಡ. ಆಮ್ಯಾಕೆ ಇಸ್ಕೂಲ್ ಬುಡಿಸ್ಬುಟ್ರೆ ಆಯ್ತು, ಇವಳಿಗೇನು ತಿಳೀತೈತೆ."

ಮೇಡಂ ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು: ನಾನು ಏನು ಹೇಳಿದರೂ ಅಜ್ಜಿಗೆ ತಿಳಿಯುವುದಿಲ್ಲ! ಅಲ್ಲಿಯವರೆಗೆ ಸೊಪ್ಪಿಗೆ, ಹಾಲಿಗೆ ಬಳಸಿದ ಭಾಷೆಯಲ್ಲಿ ಮೊದಲ ಸಲ ನನ್ನದೇ ಮಾತು ಆಡಿದೆ. "ಮೇಡಂ, ಐ ಆಮ್ ನಾಟ್ ಸಿಕ್. ದೇ ಆರ್ ಸೆಂಡಿಂಗ್ ಮಿ. ಐ ವಿಲ್ ನಾಟ್ ಕಮ್ ಬ್ಯಾಕ್. ಪ್ಲೀಸ್ ಸೇ ನೋ."

"ಅಷ್ಟು ಹೇಳಾಕೆ ಇಷ್ಟುದ್ದ ಯಾಕೇ ಬೇಕಾಯ್ತು?" ಅಜ್ಜಿಗೆ ಅನುಮಾನ.

ಮೇಡಂ ತುಟಿ ಕಚ್ಚಿದರು. ಆಮೇಲೆ ಬಿಟ್ಟರು.

"ಅಜ್ಜೀ, ಈ ಹುಡುಗೀನ ಕಳಿಸ್ಬ್ಯಾಡಿ. ಬಾಣಂತನಕ್ಕೆ ನೀವೇ ಹೋಗಿ. ಪರೀಕ್ಷೆ ಮುಗಿಯೋಗಂಟ ಇವ್ಳು ನನ್ನತ್ರ ಇರ್ಲಿ."

ಗುಡಿಯ ಕಲ್ಲು ಬಸವ ಬಾಯಿಬಿಟ್ಟಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಯ್ಯಯ್ಯಪ್ಪೋ! ಕನ್ನಡ ಬತ್ತೈತೇನಮ್ಮ ನಿಂಗೆ?"

"ಬತ್ತೈತೆ ಅಜ್ಜಿ."

"ಯಾವಾಗಿಂದ?"

"ಚಿಕ್ಕೋಳಿದ್ದಾಗಿಂದ."

ಅಜ್ಜಿಯ ಮುಖದಲ್ಲಿ ತಾನು ಆಡಿದ್ದೆಲ್ಲ ಒಂದೊಂದಾಗಿ ಹಾದುಹೋಯಿತು. "ಹಂಗಾರೆ... ಆ ಚಾಪೆ ಮಾತು..."

"ಅದೂ ಕೇಳಿಸ್ತು. ಮುದ್ದೆ ಮಾತ್ರ ಎರಡೇ ಅಜ್ಜಿ ನಾನು ಉಣ್ಣೋದು."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟೇಹೋದಳು. ಮಾರನೆಯ ಬೆಳಿಗ್ಗೆ ಬುಕ್ಕಾಪಟ್ಟಣಕ್ಕೆ ಹೊರಟದ್ದು ಅವಳೇ. ನಾಚಿಕೆಯಿಂದಲೋ ಮಮತೆಯಿಂದಲೋ, ಕೊನೆಯವರೆಗೂ ಹೇಳಲಿಲ್ಲ.

ಇತ್ತ ಸುದ್ದಿ ಹೇಗೋ ಊರೆಲ್ಲ ಹಬ್ಬಿ, ಶಾಲೆಯಲ್ಲಿ ಮೇಡಂ ಕಟ್ಟಿದ್ದೆಲ್ಲ ಒಂದೇ ದಿನಕ್ಕೆ ಕುಸಿಯಿತು. "ನಮ್ಮನ್ನ ಹಿಂಗೆ ಏಮಾರ್ಸಬಹುದಾ ಮೇಡಂ?" ಎಂದು ಎಲ್ಲರೂ ಕನ್ನಡದಲ್ಲೇ ಮುತ್ತಿಕೊಂಡರು. ಮೇಡಂಗೆ ಕನ್ನಡ ತಿಳಿಯುತ್ತದೆ ಎಂದಮೇಲೆ ಇಂಗ್ಲಿಷಿಗೆ ತಿಣುಕುವವರು ಯಾರು? ಮುಂದಿನ ವಾರ ಮೇಡಂ ಪಾಠದ ಕ್ರಮ ನೋಡಲು ಸುತ್ತಲಿನ ಶಾಲೆಗಳ ಇಂಗ್ಲಿಷ್ ಮೇಷ್ಟ್ರುಗಳು ಬರುವವರಿದ್ದರು, ಬಂದರು. ಅವರೆದುರು, ಅಲ್ಲಿಯವರೆಗೆ ತೊದಲುತ್ತಲಾದರೂ ಇಂಗ್ಲಿಷ್ ಆಡುತ್ತಿದ್ದ ನಮ್ಮ ತರಗತಿ ಪ್ರತಿ ಪ್ರಶ್ನೆಗೂ ಕನ್ನಡದಲ್ಲಿ ಉತ್ತರಿಸಿತು. "ಇದನ್ನ ನೋಡಕ್ಕೇನಮ್ಮ ಮಧುಗಿರಿಯಿಂದ ಬಸ್ ಹತ್ತಿ ಬಂದಿದ್ದು?" ಎಂದು ಒಬ್ಬರು ಎಲ್ಲರೆದುರೇ ಕೇಳಿದರು. ಮೇಡಂ ಬೋರ್ಡು ಒರೆಸತೊಡಗಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ದಿನ ಕಳೆದು ಬೇರೆ ದಾರಿ ಹಿಡಿದರು: ನಾವು ಮನೆಯಲ್ಲಿ ಕೇಳಿದ ಕಥೆಯನ್ನು ಕನ್ನಡದಲ್ಲಿ ಹೇಳುವುದು, ಎಲ್ಲರೂ ಸೇರಿ ಅದನ್ನು ಇಂಗ್ಲಿಷಿಗೆ ತರುವುದು. ಅದೂ ಚೆನ್ನಾಗಿತ್ತು. ಆದರೆ ಹಿಂದಿನ ಬಿರುಸು ಬರಲಿಲ್ಲ.

ಅಜ್ಜಿಯೆದುರು ಕನ್ನಡ ಆಡಿದ ಆ ದಿನ ಅವರು ಎಷ್ಟನ್ನು ಕಳೆದುಕೊಂಡರೆಂದು ತಿಳಿದದ್ದು ನಾನೂ ಇಂಗ್ಲಿಷ್ ಪಾಠ ಹೇಳತೊಡಗಿದ ಮೇಲೆ. ಮೇಡಂ ನಿವೃತ್ತರಾಗಿ ಪಾವಗಡದ ಕಡೆ ರಾಯಚರ್ಲು ಹತ್ತಿರ ಅಣ್ಣನ ಮನೆಯಲ್ಲಿದ್ದರು. ಹೋದ ವರ್ಷ ನೋಡಲು ಹೋದಾಗ ಕೇಳಿಯೇಬಿಟ್ಟೆ: "ಆವತ್ತು ನೀವು ಇಂಗ್ಲಿಷಲ್ಲೇ ಬೇಡ ಅನ್ನಬಹುದಿತ್ತಲ್ಲ ಮೇಡಂ? ಅಜ್ಜಿಗೆ ನಾನೇ ಹೇಳ್ತಿದ್ದೆ."

"ನೀನು ಹೇಳಿದ್ರೆ ಅದು ನಿನ್ನ ಮಾತಾಗ್ತಿತ್ತಲ್ಲೇ," ಅಂದರು. "ಏಟೂ ನಿನಗೇ ಬೀಳ್ತಿತ್ತು. ದೊಡ್ಡೋರಿಗೆ ಹೇಳೋ ಮಾತನ್ನ ಮಕ್ಕಳ ಬಾಯಲ್ಲಿ ಹೇಳಿಸ್ತಾರಾ?"

ಈ ಬೇಸಿಗೆಯಲ್ಲಿ ಅವರಣ್ಣನ ಫೋನು ಬಂತು. "ಪೋಯಿಂದಮ್ಮಾ" ಅಂದರು. ತೆಲುಗು ಬಾರದ ನನಗೂ ಅದು ತಿಳಿಯಿತು: ಮೇಡಂ ಹೋಗಿಬಿಟ್ಟರು. ಫೋನು ಹಿಡಿದು ನಿಂತೇ ಇದ್ದೆ. ಆ ಕಡೆ ಅವರು, ಈ ಕಡೆ ನಾನು, ಯಾವ ಭಾಷೆಯೂ ಬರಲಿಲ್ಲ.

ತರಬೇತಿಗಳಲ್ಲಿ ವರ್ಷಕ್ಕೊಂದು ಹೊಸ ವಿಧಾನ ಹೇಳಿಕೊಡುತ್ತಾರೆ. ಎಲ್ಲವನ್ನೂ ಮಾಡಿ ನೋಡುತ್ತೇನೆ. ಮೊದಲ ದಿನ ಮಾತ್ರ ಪಾಠಕ್ಕೆ ಮುಂಚೆ ಮಕ್ಕಳಿಗೆ ಕನ್ನಡದಲ್ಲೇ ಹೇಳಿಬಿಡುತ್ತೇನೆ: "ಇಂಗ್ಲಿಷ್ ನಾಳೆಯಿಂದ ಕಲಿಯೋಣ. ಮನೇಲಿ ಸ್ಕೂಲ್ ಬುಡಿಸ್ತೀವಿ ಅಂದ್ರೆ ಮಾತ್ರ ಕಾಯಬೇಡಿ. ಬಾಯಿಗೆ ಯಾವ ಭಾಷೆ ಬಂದ್ರೆ ಅದ್ರಲ್ಲೇ ಓಡಿ ಬಂದು ಹೇಳಿ."